ಇಬ್ಬರು ಕ್ಷೌರಿಕರ ಗಡ್ಡ

ಕ್ಷೌರದಂಗಡಿ ನಡೆಸುವ ಅಣ್ಣತಮ್ಮಂದಿರಿಬ್ಬರೂ ತಾವೇ ಗಡ್ಡ ಬಿಟ್ಟುಕೊಂಡು ಗಿರಾಕಿಗಳ ಗಡ್ಡ ಹೆರೆಯುತ್ತ ನಿಂತರೆ ಬೀದಿಯವರು ನಗದೆ ಬಿಡುತ್ತಾರೆಯೇ? ನಕ್ಕರು. ಹಾಲಿನವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎದುರಿನ ಸೈಕಲ್ ರಿಪೇರಿಯವನಂತೂ "ಏನಕ್ಕಾ, ನಿಮ್ಮನೇಲಿ ಬ್ಲೇಡಿಗೇ ಬರ ಬಂತಾ?" ಎಂದು ನನ್ನನ್ನೇ ಕೇಳಿದ. ನಾನು ಆ ಇಬ್ಬರಲ್ಲಿ ದೊಡ್ಡವನ ಹೆಂಡತಿ, ಚಿಕ್ಕವನ ಅತ್ತಿಗೆ. ನಗುವವರಿಗೇನು, ನಕ್ಕು ಮನೆಗೆ ಹೋಗುತ್ತಾರೆ. ಆ ಎರಡು ಗಡ್ಡಗಳ ನಡುವೆ ಹೊತ್ತು ಹೊತ್ತಿಗೆ ತಟ್ಟೆ ಇಡಬೇಕಾದವಳು ನಾನು.

ನಮ್ಮ ಮಾವನವರು ಮಾಡಿಟ್ಟ ಕಟ್ಟಳೆಯೊಂದಿತ್ತು. ಕತ್ತಿ ಹಿಡಿಯುವವನು ತನ್ನ ಗಡ್ಡ ತಾನು ಹೆರೆದುಕೊಳ್ಳಬಾರದು. ಇನ್ನೊಬ್ಬನ ಕೈಕೆಳಗೆ ದಿನಾ ಕತ್ತು ಚಾಚಿ ಕೂತವನಿಗೆ ಮಾತ್ರ ಗಿರಾಕಿಯ ಜೀವ ಎಲ್ಲಿರುತ್ತದೆ ಎಂದು ಗೊತ್ತಾಗುವುದು ಎನ್ನುತ್ತಿದ್ದರು. ಹಾಗಾಗಿ ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಅಣ್ಣ ತಮ್ಮನಿಗೆ, ತಮ್ಮ ಅಣ್ಣನಿಗೆ ಕ್ಷೌರ ಮಾಡುತ್ತಿದ್ದರು. ನಾನು ಈ ಮನೆಗೆ ಬಂದಾಗ ಮೈದುನ ಶಾಲೆಗೆ ಹೋಗುತ್ತಿದ್ದ ಹುಡುಗ. ಅವನ ತುಟಿಯ ಮೇಲೆ ಮೊದಲ ಸಲ ಬ್ರಷ್ಷು ಆಡಿಸಿದ್ದು ನನ್ನ ಗಂಡ. ಆವತ್ತಿನಿಂದ ಆ ಮುಖವನ್ನು ಇನ್ನೊಬ್ಬರು ಮುಟ್ಟಿದ್ದಿಲ್ಲ.

ಅಂಗಡಿ ಮನೆಯ ಮುಂದಿನ ಕೋಣೆ. ಎರಡು ಕುರ್ಚಿ, ಎರಡು ಕನ್ನಡಿ. ಆ ವರ್ಷ ಅಲ್ಲಿ ವಾದಕ್ಕೆ ಕೊರತೆಯಿರಲಿಲ್ಲ. ಗಂಡಸು ಗಂಡಸಿನೊಡನೆ, ಹೆಂಗಸು ಹೆಂಗಸಿನೊಡನೆ ಕಾನೂನಿನ ಪ್ರಕಾರ ಸಂಸಾರ ಹೂಡಬಹುದೇ ಎಂದು ಸರ್ಕಾರ ಜನರನ್ನೇ ಕೇಳಿತ್ತು. ಚಳಿ ಮುಗಿಯುವುದರೊಳಗೆ ಎಲ್ಲರೂ 'ಬೇಕು' ಇಲ್ಲವೇ 'ಬೇಡ' ಎಂದು ಓಟು ಹಾಕಬೇಕಿತ್ತು. ಬೆಂಚಿನ ಮೇಲೆ ಕಾಯುವವರು ಗಂಟಲು ಹರಿದುಕೊಳ್ಳುತ್ತಿದ್ದರು. ಕುರ್ಚಿಯಲ್ಲಿ ಕೂತವರು ಮಾತ್ರ ತೆಪ್ಪಗಿರುತ್ತಿದ್ದರು. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಯಾರು ತಾನೇ ವಾದಿಸುತ್ತಾರೆ?

ನನ್ನ ಗಂಡ ದೇವರು ದಿಂಡರು ಎಂದರೆ ಜೀವ ಬಿಡುವ ಮನುಷ್ಯ. ಅದನ್ನು ನಾನು ಹಾಸ್ಯಕ್ಕೆ ಹೇಳುತ್ತಿಲ್ಲ. ಅವರು ಊಟದ ಪ್ರಾರ್ಥನೆ ಹೇಳುವವರೆಗೆ ನಮ್ಮ ಮನೆಯಲ್ಲಿ ಯಾರೂ ತಟ್ಟೆಗೆ ಕೈ ಹಾಕುವುದಿಲ್ಲ. ಮಾವನವರು ಸತ್ತ ದಿನವೂ ಅವರು ಅಳುತ್ತಲೇ ಅದನ್ನು ಹೇಳಿ ನಮಗೆಲ್ಲ ಊಟ ಮಾಡಿಸಿದ್ದರು.

ಒಂದು ಸಂಜೆ ಪ್ರಾರ್ಥನೆ ಮುಗಿದ ಮೇಲೆ ಬೇಳೆ ಸಾರು ಬಡಿಸುತ್ತಿದ್ದೆ. ಮೈದುನ ತಟ್ಟೆ ನೋಡುತ್ತಲೇ ಹೇಳಿದ: "ಅಣ್ಣ, ಒಂದಿನ ಬಸ್ಸಿನವನನ್ನ ಊಟಕ್ಕೆ ಕರೀಬೇಕು ಅಂತಿದ್ದೀನಿ."

ಬಸ್ಸಿನವನೆಂದರೆ ಊರ ಬಸ್ಸಿನ ಡ್ರೈವರು, ನಮ್ಮ ಹಳೇ ಗಿರಾಕಿ. ನನ್ನ ಗಂಡನ ಕುರ್ಚಿ ಖಾಲಿಯಿದ್ದರೂ ಮೈದುನನ ಕುರ್ಚಿಗೇ ಕಾದು ಕೂರುವ ಆಸಾಮಿ.

"ಕರಿ, ಅದಕ್ಕೇನಂತೆ. ಒಳ್ಳೇ ಮನುಷ್ಯ."

"ಗೆಳೆಯ ಅಂತ ಕರೀತಿಲ್ಲ."

"ಮತ್ತೆ?"

"ನಿನಗೆ ಅತ್ತಿಗೆ ಹೆಂಗೋ, ನನಗೆ ಅವನು ಹಂಗೆ."

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನನಗೆ ಗೊತ್ತಿತ್ತು. ಮಗಳಿಗೂ ಗೊತ್ತಿತ್ತು. ನಮ್ಮ ಅತ್ತೆ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದರು. ಗೊತ್ತಿಲ್ಲದವರು ಒಬ್ಬರೇ, ದಿನಾ ಅವನ ಮುಖವನ್ನು ಅಂಗೈ ಅಗಲದ ದೂರದಿಂದ ನೋಡುತ್ತಿದ್ದ ಅಣ್ಣ.

"ತಮಾಷೆ ಮಾಡಬೇಡ ಕಣೋ."

"ತಮಾಷೆ ಅಲ್ಲ."

ಗಂಡ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು, ನಾನೂ ಕೂಗಾಡಿ ಮುಗಿಸುತ್ತಿದ್ದೆ. ತಟ್ಟೆ ಪಕ್ಕಕ್ಕಿಟ್ಟು ನಿಧಾನವಾಗಿ ಹೇಳಿದರು: "ನಿನ್ನ ಜೀವನ ನಿನ್ನದು. ಆದರೆ ಈ ಮೇಜಿನ ಮುಂದೆ ಪ್ರಾರ್ಥನೆ ಹೇಳೋನು ನಾನು. ಆ ಮನುಷ್ಯ ನಿನಗೆ ಹೆಂಡತಿ ಸಮ ಅಂತ ಇಲ್ಲಿ ಕೂತರೆ, ಅದು ನನ್ನ ಬಾಯಿಂದ ಹೊರಡಲ್ಲ. ಬಲವಂತಕ್ಕೆ ಹೇಳಿದರೆ ದೇವರಿಗೆ ಮೋಸ ಮಾಡಿದ ಹಂಗೆ."

"ನಾನು ನಿನ್ನ ದೇವರನ್ನ ಬಿಡು ಅಂದೆನಾ? ಒಂದು ಊಟ ಕೇಳಿದೆ, ಅಣ್ಣ. ಡಿಪೋ ಹತ್ರ ಒಂದು ಕೋಣೆ ನೋಡಿದ್ದೀವಿ. ಹೋಗೋದಂತೂ ಹೋಗ್ತೀನಿ. ಅವನು ಒಂದು ಸಲ ಇಲ್ಲಿ ಕೂತು ಊಟ ಮಾಡಿದರೆ, ಹೋದರೂ ಇದು ನನ್ನ ಮನೆ. ಇಲ್ಲಾ ಅಂದರೆ ನಾನು ಈ ಹೊಸಿಲು ಮತ್ತೆ ತುಳಿಯಲ್ಲ."

"ಹೆದರಿಸ್ತಿದ್ದೀಯಾ?"

"ಇಲ್ಲ. ಕೇಳ್ಕೋತಿದ್ದೀನಿ."

ಅತ್ತೆ ಬಾಯಿ ಒರೆಸಿಕೊಂಡು, "ನನಗೆ ಇದೆಲ್ಲ ತಲೆಗೆ ಹತ್ತಲ್ಲ. ಆಲೂಗಡ್ಡೆ ಇನ್ನೊಂದು ಹಾಕು" ಎಂದರು. ಹಾಕಿದೆ. ಹಾಕಿ, ಅಡುಗೆಮನೆಗೆ ಹೋಗಿ ನಿಂತೆ. ಜ್ವರ ಬಂದಾಗ ನನ್ನ ಮಡಿಲಲ್ಲಿ ಮಲಗಿ ಬೆಳೆದ ಹುಡುಗ ಹೊಸಿಲು ತುಳಿಯಲ್ಲ ಎನ್ನುತ್ತಾನಲ್ಲ ಎಂದು ಎದೆ ಉರಿಯಿತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಗೊತ್ತಾಗದೆ ಪಾತ್ರೆಗಳನ್ನು ಕುಕ್ಕಿದೆ.

ಮರುದಿನ ಬೆಳಗ್ಗೆ ಇಬ್ಬರೂ ಅಂಗಡಿಗೆ ಹೋದರು. ಯಾರೂ ಯಾರ ಕುರ್ಚಿಯಲ್ಲೂ ಕೂರಲಿಲ್ಲ. ಅದರ ಮರುದಿನವೂ ಇಲ್ಲ. ತಮ್ಮ ಗಡ್ಡ ತಾವೇ ಹೆರೆದುಕೊಳ್ಳೋಣವೆಂದರೆ ಸತ್ತ ಅಪ್ಪನ ಕಟ್ಟಳೆ ಅಡ್ಡ. ಪಕ್ಕದ ಬೀದಿಯ ಅಂಗಡಿಗೆ ಹೋಗೋಣವೆಂದರೆ ಮಾನದ ಪ್ರಶ್ನೆ. ಎರಡನೇ ವಾರಕ್ಕೆ ಗಂಡನದು ಬಿಳಿ, ಮೈದುನನದು ಕಪ್ಪು, ಸೊಂಪಾಗಿ ಬೆಳೆದವು. ಮಾತುಕತೆಯೆಲ್ಲ ನನ್ನ ಮೂಲಕ.

"ಕತ್ತರಿ ಸಾಣೆಗೆ ಕೊಡಬೇಕಂತ ನಿನ್ನ ಮೈದುನನಿಗೆ ಹೇಳು."

"ಕೊಟ್ಟು ಬಂದಾಯ್ತು ಅಂತ ಅಣ್ಣನಿಗೆ ಹೇಳಿ ಅತ್ತಿಗೆ."

"ಪಕ್ಕಪಕ್ಕ ನಿಂತಿದ್ದೀರಲ್ರೀ, ನನ್ನನ್ನೇನು ಟೆಲಿಫೋನ್ ಅಂದ್ಕೊಂಡ್ರಾ?" ಎಂದು ಇಬ್ಬರಿಗೂ ಸೇರಿಸಿ ಬೈದೆ. ಇಬ್ಬರೂ ಕೇಳಿಸದವರಂತೆ ಗಿರಾಕಿಗಳ ಕಡೆ ತಿರುಗಿದರು.

ಮೂರನೇ ವಾರ ಪ್ರಾರ್ಥನಾಲಯದಲ್ಲಿ ಹಂಚಿದ 'ಬೇಡ' ಎಂಬ ಬೋರ್ಡೊಂದನ್ನು ಗಂಡ ತಂದು ಅಂಗಡಿಯ ಗಾಜಿಗೆ ಒಳಗಿನಿಂದ ತೂಗುಹಾಕಿದರು. ಮೈದುನ ಎಂದಿನಂತೆ ಬೆಳಗ್ಗೆ ಗಾಜು ಒರೆಸಿದ, ಬೋರ್ಡನ್ನು ಸರಿಸಿ ಅದರ ಹಿಂದೆಯೂ ಒರೆಸಿ ಮತ್ತೆ ನೇರ ಮಾಡಿಟ್ಟ.

ಸುಮ್ಮನಿರದವಳು ನನ್ನ ಮಗಳು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವಳದು, ಮನೆಯಲ್ಲೂ ಅದೇ.

"ಅಪ್ಪ, ಆ ಬೋರ್ಡು ಚಿಕ್ಕಪ್ಪನ ಮುಖಕ್ಕೆ ಉಗಿದ ಹಂಗಿದೆ."

"ನಾನು ಯಾರ ಮುಖಕ್ಕೂ ಉಗಿದಿಲ್ಲ. ನಾನು ನಂಬಿದ್ದನ್ನ ನಾನು ಹಾಕಿದ್ದೀನಿ."

"ನೀನು ನಂಬಿದ್ದು ನಿನ್ನ ಎದೇಲಿರಲಿ. ಬೇರೆಯವರ ಬದುಕಿಗೆ ಯಾಕೆ ಬೇಲಿ ಹಾಕ್ತೀಯ?"

"ಎದೇಲಿ ಬಚ್ಚಿಟ್ಟುಕೊ ಅಂತ ಅವನಿಗೆ ಹೇಳಿದರೆ ನಿನಗೆ ಸಿಟ್ಟು ಬರುತ್ತೆ. ನನಗೆ ಮಾತ್ರ ಹೇಳ್ತೀಯ. ಅವನೂ 'ಬೇಕು' ಅಂತ ಹಾಕಲಿ, ಗಾಜು ದೊಡ್ಡದಿದೆ."

"ಹಾಕಿದರೆ ನಿಮ್ಮ ಪ್ರಾರ್ಥನಾಲಯದವರು ಸುಮ್ಮನಿರ್ತಾರಾ?"

"ಅವರನ್ನ ನಾನು ತಡೀತೀನಿ. ಊಟ ಮಾಡು."

"ನಿನ್ನ ಜೊತೆ ಮಾತಾಡೋದೂ ಒಂದೇ, ಗೋಡೆ ಜೊತೆ ಮಾತಾಡೋದೂ ಒಂದೇ!" ಎಂದು ಅರ್ಧ ಊಟಕ್ಕೇ ಎದ್ದಳು. "ತಟ್ಟೆ ತೊಳೆದು ಹೋಗೇ" ಎಂದೆ. ತೊಳೆಯಲಿಲ್ಲ.

ತೊಳೆಯದೆ ಹೋದವಳು ಮಾಡಿದ್ದೇನು? ಬೋರ್ಡಿನ ಸಮೇತ ಅಂಗಡಿಯ ಫೋಟೋ ಹಿಡಿದು ಫೋನಿನಲ್ಲಿ ಲೋಕಕ್ಕೆಲ್ಲ ಹಂಚಿದಳು. ಕೆಳಗೆ ಬರೆದಳು: ಈ ಬೋರ್ಡಿನ ಹಿಂದೆ ನನ್ನ ಚಿಕ್ಕಪ್ಪ ದುಡಿಯುತ್ತಿದ್ದಾರೆ, ಅವರು ಪ್ರೀತಿಸುವುದು ಒಬ್ಬ ಬಸ್ ಡ್ರೈವರನ್ನು, ಸ್ವಂತ ಅಣ್ಣನೇ ಅವರಿಗೆ ಬೇಡ ಎನ್ನುತ್ತಿದ್ದಾರೆ, ಇಂಥ ಅಂಗಡಿಗೆ ಕಾಲಿಡುವ ಮುಂಚೆ ಯೋಚಿಸಿ. ಚಿಕ್ಕಪ್ಪನ ಪರವಾಗಿ ದೊಡ್ಡ ಯುದ್ಧ ಗೆದ್ದವಳಂತೆ ಬೆಳಗ್ಗೆ ಬಂದು ನನಗೆ ತೋರಿಸಿದಳು. ನಾನು ಓದಿ ತಲೆ ಚಚ್ಚಿಕೊಂಡೆ.

"ಅಲ್ಲವೇ, ನಮ್ಮ ಅಂಗಡಿಗೆ ಬರೋ ಡ್ರೈವರು ಎಷ್ಟು ಜನರೇ? ಅವನೊಬ್ಬನೇ ತಾನೇ?"

ಅವಳ ಮುಖ ಬಿಳಿಚಿಕೊಂಡಿತು. ಅಳಿಸಿದಳು. ಅಳಿಸಿದರೆ ಏನು ಬಂತು, ಅಷ್ಟು ಹೊತ್ತಿಗೆ ಹಾಲಿನವಳೂ ಓದಿದ್ದಳು.

ಆ ವಾರ ನಮ್ಮ ಅಂಗಡಿಯಲ್ಲಿ ನೊಣ ಹೊಡೆಯುವುದಕ್ಕೂ ಕೆಲಸವಿರಲಿಲ್ಲ. ಮಗಳ ಕಡೆಯವರು ಬೋರ್ಡು ನೋಡಿ ಬರಲಿಲ್ಲ, ಗಂಡನ ಕಡೆಯವರು ಮೈದುನನನ್ನು ನೋಡಿ ಬರಲಿಲ್ಲ. ನಮ್ಮದು ಅಷ್ಟಕ್ಕೇ ಮುಗಿಯಿತು. ಡ್ರೈವರನ ಪಾಡು ಬೇರೆ. ಅವನು ಅಕ್ಕನ ಮನೆಯಲ್ಲಿದ್ದವನು. ಅವಳ ಗಂಡ ಇವನ ಬಟ್ಟೆಯ ಚೀಲವನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡ. ಡಿಪೋದಲ್ಲಿ ಜೊತೆಯವರು ಇವನು ಬಂದರೆ ಟೀ ಲೋಟ ಹಿಡಿದು ಆಚೆ ಹೋದರು. ನೋಡಿಟ್ಟ ಕೋಣೆ ತಿಂಗಳು ತುಂಬುವವರೆಗೆ ಸಿಗುವಂತಿರಲಿಲ್ಲ. ಡಿಪೋದ ವಿಶ್ರಾಂತಿ ಕೋಣೆಯ ಬೆಂಚಿನ ಮೇಲೆ ಮಲಗುತ್ತಿದ್ದನಂತೆ.

ಗಂಡನಿಗೆ ಇದು ಗೊತ್ತಾದ ದಿನ ಮಗಳನ್ನು ಮೇಜಿನ ಮುಂದೆ ಕೂರಿಸಿದರು.

"ನನ್ನ ಬೈದೆ. ಬೈಯಿ, ಅದು ನಿನ್ನ ಹಕ್ಕು. ಆ ಡ್ರೈವರು ತಾನೇ ಹೇಳಬೇಕಾಗಿದ್ದ ಮಾತನ್ನ ಹೇಳೋಕೆ ನೀನ್ಯಾರು?"

"ಚಿಕ್ಕಪ್ಪನಿಗೋಸ್ಕರ ಅಂತ…"

"ನನ್ನ ಮೇಲಿನ ಸಿಟ್ಟಿಗೋಸ್ಕರ. ಆ ಮನುಷ್ಯನ ಊಟ, ಹಾಸಿಗೆ ಹೋಯ್ತು. ಬೋರ್ಡು ಹಾಕಿದ ನಾನು ಇಲ್ಲೇ ಬೆಚ್ಚಗೆ ಕೂತಿದ್ದೀನಿ."

ಮಗಳು ಅತ್ತಳು. ಮರುದಿನ ನಾನೇ ಅವಳನ್ನು ಡಿಪೋಗೆ ಕರೆದುಕೊಂಡು ಹೋದೆ, ಡಬ್ಬಿಯಲ್ಲಿ ಊಟ ಕಟ್ಟಿಕೊಂಡು. ಡ್ರೈವರು ಬಸ್ಸಿನ ಗಾಜು ತೊಳೆಯುತ್ತಿದ್ದ. ಅವಳು ಕ್ಷಮೆ ಕೇಳಿದಳು. ಅವನು ಬಟ್ಟೆ ಹಿಂಡಿ, ಕೈ ಒರೆಸಿಕೊಂಡು ಹೇಳಿದ:

"ಒಳ್ಳೇದಕ್ಕೇ ಮಾಡಿದೆ, ಗೊತ್ತಮ್ಮ. ನಮ್ಮಕ್ಕನಿಗೆ ನಾನೇ ಹೇಳಬೇಕು ಅಂತ ಎಷ್ಟೋ ವರ್ಷದಿಂದ ಮಾತು ಜೋಡಿಸಿಕೊಂಡಿದ್ದೆ. ಅವಳು ಅದನ್ನ ಫೋನಲ್ಲಿ ಓದಿದಳು. ಅದೊಂದು ನನಗೆ ಹೊಟ್ಟೆ ಉರಿಯುತ್ತೆ. ಹೋಗಲಿ, ಅಳಬೇಡ." ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

ಇದಾದ ಮೇಲೆ ಒಂದು ಬೆಳಗ್ಗೆ ಮೈದುನ ನುಣ್ಣಗೆ ಕ್ಷೌರ ಮಾಡಿಸಿಕೊಂಡು ಅಂಗಡಿಗೆ ಬಂದ. ನುಣ್ಣಗೆ ಎಂದರೆ, ಅಲ್ಲಲ್ಲಿ. ಗದ್ದದ ಕೆಳಗೆ ಕೊಯ್ದ ಗಾಯ, ಕಿವಿಯ ಹತ್ತಿರ ಬಿಟ್ಟುಹೋದ ಕೂದಲು. ನಾನು ಟೀ ತಂದಿದ್ದೆ. ಗಂಡ ಕನ್ನಡಿಯಲ್ಲಿ ಅವನನ್ನು ನೋಡಿದವರು ತಿರುಗಿ ನಿಂತರು. ಅಷ್ಟು ವಾರಗಳಲ್ಲಿ ಮೊದಲ ಸಲ ನೇರವಾಗಿ ಅವನೊಡನೆ ಮಾತಾಡಿದರು.

"ಯಾರೋ ಅದು, ನಿನ್ನ ಮುಖ ಉತ್ತಿರೋದು?"

"ಅವನೇ. ನಮ್ಮ ಗಡ್ಡ ನಾವು ಮಾಡ್ಕೋಬಾರದು ಅಂತ ತಾನೇ ಅಪ್ಪ ಹೇಳಿದ್ದು."

"ಸ್ಟೀರಿಂಗ್ ಹಿಡಿಯೋನ ಕೈಗೆ ಕತ್ತು ಕೊಟ್ಟಿದ್ದೀಯಲ್ಲೋ! ನರಕ್ಕೆ ತಾಗಿದ್ದರೆ?"

"ನೀನು ಮಾಡ್ಲಿಲ್ಲವಲ್ಲ."

ಗಂಡ ಡ್ರಾಯರಿನಿಂದ ರಕ್ತ ನಿಲ್ಲಿಸುವ ಪಟಿಕದ ತುಂಡು ತೆಗೆದು, ನೀರಲ್ಲಿ ಅದ್ದಿ, ಅವನ ಕಡೆಗೆ ಚಾಚಿದರು. ಅವನು ತೆಗೆದುಕೊಂಡು ಗಾಯಕ್ಕೆ ಒತ್ತಿಕೊಂಡ. ಇಬ್ಬರೂ ಅಷ್ಟಕ್ಕೇ ನಿಲ್ಲಿಸಿದರು. ಆ ದಿನ ಗಂಡ ಮಧ್ಯಾಹ್ನ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದರು. ಹೊಟ್ಟೆಯಲ್ಲ, ನನಗೆ ಗೊತ್ತಿಲ್ಲವೇ? ಅವರ ಕೆಲಸವನ್ನು ಬೇರೆಯವನೊಬ್ಬ ಕೆಟ್ಟದಾಗಿ ಮಾಡಿದ್ದ, ಮತ್ತು ತಮ್ಮ ಅದನ್ನೇ ಹೊತ್ತುಕೊಂಡು ನಿಂತಿದ್ದ.

ಓಟಿಗೆ ಇನ್ನೊಂದು ವಾರವಿರುವಾಗ, ಗಂಡ ಪ್ರಾರ್ಥನಾಲಯಕ್ಕೆ ಹೋಗಿದ್ದ ಹೊತ್ತಿನಲ್ಲಿ, ಬಣ್ಣದ ಡಬ್ಬಿ ಹಿಡಿದ ನಾಲ್ಕಾರು ಜನ ಅಂಗಡಿಯ ಮುಂದೆ ಬಂದರು. ಮಗಳು ಹಚ್ಚಿದ ಬೆಂಕಿ ಅವಳು ಆರಿಸಿದ ಮೇಲೂ ಉರಿಯುತ್ತಿತ್ತು. ಮೈದುನ ಬಾಗಿಲಿಗೆ ಅಡ್ಡ ನಿಂತ.

"ನಾವು ನಿಮ್ಮ ಪರವೇ ಬಂದಿರೋದು ಸಾರ್. ಆ ಬೋರ್ಡು ಕೀಳಿ."

"ಬೋರ್ಡು ನಮ್ಮಣ್ಣಂದು. ಅವನು ಹಾಕಿದ್ದು, ಅವನೇ ತೆಗೀಬೇಕು."

"ಅದು ನಿಮ್ಮ ವಿರುದ್ಧ ಇದೆಯಲ್ಲ ಸಾರ್!"

"ನನಗೆ ಓದೋಕೆ ಬರುತ್ತಪ್ಪ. ದಿನಾ ಅದರ ಧೂಳು ಒರೆಸೋನು ನಾನೇ. ಅದು ತಪ್ಪು ಅಂತ ಅವನಿಗೆ ಮನೇಲಿ ಹೇಳ್ತೀನಿ. ನಿಮ್ಮ ಬಣ್ಣದಲ್ಲಿ ಹೇಳಿಸಲ್ಲ. ಕ್ಷೌರ ಬೇಕಾದರೆ ಒಳಗೆ ಬನ್ನಿ, ಇಲ್ಲಾ ಅಂದರೆ ದಾರಿ ಬಿಡಿ."

ಗೊಣಗುತ್ತ ಹೋದರು. ನನಗೆ ಆ ಕ್ಷಣ ಅವನ ಕೆನ್ನೆಗೊಂದು ಕೊಟ್ಟು ಅಪ್ಪಿಕೊಳ್ಳಬೇಕೆನಿಸಿತು. ಸಂಜೆ ಸೈಕಲ್ ರಿಪೇರಿಯವನು ಇದನ್ನೆಲ್ಲ ಗಂಡನಿಗೆ ಉಪ್ಪು ಖಾರ ಹಚ್ಚಿ ಹೇಳಿದ. ಗಂಡ ಒಳಗೆ ಬಂದು, ಕೋಟು ಬಿಚ್ಚದೆ ಬಹಳ ಹೊತ್ತು ಕೂತಿದ್ದರು. "ಚಿಕ್ಕೋನು ಊಟ ಮಾಡಿದನಾ?" ಎಂದು ಮಾತ್ರ ಕೇಳಿದರು.

ಸಾಕಾಗಿತ್ತು ನನಗೆ.

"ರೀ, ನಾಳೆ ಸಂಜೆ ಬಸ್ಸಿನವನನ್ನ ಊಟಕ್ಕೆ ಕರೀತೀನಿ. ನಾನು ಕರೆಯೋದು."

"ನಾನು ಹೇಳಿದ್ದು ಮರೆತೆಯಾ?"

"ಮರೆತಿಲ್ಲ. ಅಡುಗೆ ನನ್ನದು, ಮೇಜು ಒರೆಸೋಳು ನಾನು, ಯಾರನ್ನ ಕೂರಿಸಬೇಕು ಅನ್ನೋದೂ ನಂದೇ. ಪ್ರಾರ್ಥನೆ ನಿಮ್ಮದು. ಹೇಳ್ತೀರೋ ಬಿಡ್ತೀರೋ ನಿಮಗೂ ದೇವರಿಗೂ ಬಿಟ್ಟಿದ್ದು, ಅದಕ್ಕೆ ನಾನು ಬಾಯಿ ಹಾಕಲ್ಲ."

"ಹೇಳದಿದ್ದರೆ ಯಾರೂ ಉಣ್ಣೋ ಹಂಗಿಲ್ಲವಲ್ಲ."

"ಎಲ್ಲರೂ ಉಪವಾಸ ಎದ್ದೇಳೋಣ. ನಾನೇನು ಸಾಯಲ್ಲ."

ಮರುದಿನ ಡ್ರೈವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಹಣ್ಣಿನ ಚೀಲ ಹಿಡಿದು ಬಂದ. ಗಂಡ ಬಾಗಿಲಿಗೆ ಹೋಗಲಿಲ್ಲ. ಆದರೆ ಎದ್ದು ಹೊರಗೂ ಹೋಗಲಿಲ್ಲ. ಎಲ್ಲರೂ ಕೂತೆವು. ಬಡಿಸಿದೆ. ಬೇಳೆಯಿಂದ ಆವಿ ಏಳುತ್ತಿತ್ತು. ಗಂಡ ಕಣ್ಣು ಮುಚ್ಚಿದರು, ಮತ್ತೆ ತೆರೆದರು. ತುಟಿ ಅಲುಗಿತು. ಮಾತು ಹೊರಡಲಿಲ್ಲ. ಹಟಕ್ಕೆ ಕೂತವರ ಮುಖವಲ್ಲ ಅದು, ಹಣೆಯಲ್ಲಿ ಬೆವರೊಡೆದಿತ್ತು. ಮೈದುನ ತಟ್ಟೆಯ ಅಂಚನ್ನು ಒತ್ತಿ ಹಿಡಿದಿದ್ದ. ಆವಿ ನಿಂತಿತು, ಬೇಳೆಯ ಮೇಲೆ ಕೆನೆಗಟ್ಟಿತು.

"ಯಾರಾದರೂ ಶುರು ಮಾಡ್ರೋ, ನಾನು ಮಾತ್ರೆ ನುಂಗಬೇಕು" ಎಂದರು ಅತ್ತೆ.

ಡ್ರೈವರು ಕೆಮ್ಮಿದ. "ಅಣ್ಣಾ, ನೀವು ಒಪ್ಪಿದರೆ ನಾನು ಹೇಳಲಾ? ನಮ್ಮನೇಲೂ ಇದೇ ಪ್ರಾರ್ಥನೆ. ಚಿಕ್ಕವನಿದ್ದಾಗಿನಿಂದ ಹೇಳ್ತಿದ್ದೀನಿ."

ಗಂಡ ಅವನನ್ನು ದಿಟ್ಟಿಸಿದರು. ಈ ಮನುಷ್ಯನಿಗೂ ತಮ್ಮ ದೇವರೇ ಇರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲವೆಂದು ಕಾಣುತ್ತದೆ. "ಪ್ರಾರ್ಥನೆಗೆ ನನ್ನ ಒಪ್ಪಿಗೆ ಯಾಕೆ? ಹೇಳಿ" ಎಂದರು ಕೊನೆಗೆ.

ಅವನು ಕಣ್ಣು ಮುಚ್ಚಿ ಹೇಳಿದ. ಬೆಳೆದವರನ್ನು ನೆನೆದ, ಬೇಯಿಸಿದವರನ್ನು ನೆನೆದ, ಹಸಿದವರಿಗೂ ಸಿಗಲಿ ಎಂದ. ನಿಲ್ಲಿಸಿದ.

"ಒಂದು ಸಾಲು ಬಿಟ್ಟಿರಿ" ಎಂದರು ಗಂಡ.

"ಗೊತ್ತು ಅಣ್ಣಾ. ಬೇಕು ಅಂತಲೇ ಬಿಟ್ಟೆ."

"ಯಾಕೆ?"

"ಈ ಸೂರಿನ ಕೆಳಗಿರೋ ನಮ್ಮವರನ್ನೆಲ್ಲ ಕಾಪಾಡು ಅನ್ನೋದು ಮನೆಯವರು ಹೇಳೋ ಸಾಲು. ನಾನು ಈ ಮನೆಯವನಲ್ಲ. ಇಲ್ಲದ್ದನ್ನ ದೇವರ ಮುಂದೆ ಹೆಂಗೆ ಹೇಳಲಿ?"

ಗಂಡ ಗಡ್ಡದ ಮೇಲೆ ಕೈಯಾಡಿಸಿಕೊಂಡರು. "ಅರ್ಧ ಪ್ರಾರ್ಥನೆಗೆ ಈ ಮನೇಲಿ ಊಟ ಇಲ್ಲ" ಎಂದು ಗೊಣಗಿದರು. ಮತ್ತೆ ಕಣ್ಣು ಮುಚ್ಚಿದರು. "ಈ ಸೂರಿನ ಕೆಳಗಿರುವ ನಮ್ಮವರನ್ನೆಲ್ಲ" ಎಂದರು, ತಡೆದರು, ಮತ್ತೆ ಮೊದಲಿನಿಂದ ಶುರು ಮಾಡಿ, ಪೂರ್ತಿ ಹೇಳಿದರು. ಹೇಳಿದವರೇ ಕಣ್ಣು ಬಿಟ್ಟು ಡ್ರೈವರನ ಕಡೆ ತಿರುಗಿದರು.

"ಓಟು ಮಾತ್ರ ನಾನು ಬೇಡ ಅಂತಲೇ ಹಾಕೋದು. ಗೊತ್ತಿರಲಿ."

"ಗೊತ್ತು ಅಣ್ಣಾ. ಬರುವಾಗ ಗಾಜಿನ ಮೇಲೆ ಓದಿಕೊಂಡೇ ಬಂದೆ."

ಮಗಳು ನಕ್ಕುಬಿಟ್ಟಳು. ಮೈದುನ ನಗಲಿಲ್ಲ, ಅಳುತ್ತಿದ್ದ. ನಾನು ಬೇಳೆಯ ಪಾತ್ರೆ ಎತ್ತಿಕೊಂಡು ಹೋಗಿ ಮತ್ತೆ ಬಿಸಿಗಿಟ್ಟೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ತಿಂಗಳು ತುಂಬುತ್ತಲೇ ಮೈದುನ ಕೋಣೆಗೆ ಹೋದ. ಬೆಳಗ್ಗೆ ಅಂಗಡಿಗೆ ಬರುತ್ತಿದ್ದ, ಮಧ್ಯಾಹ್ನ ಇಲ್ಲೇ ಉಣ್ಣುತ್ತಿದ್ದ. ಓಟಾಯಿತು. 'ಬೇಡ' ಗೆದ್ದಿತು, ಕೂದಲೆಳೆಯಲ್ಲಿ. ಪ್ರಾರ್ಥನಾಲಯದವರು ಬೀದಿಯಲ್ಲಿ ಸಿಹಿ ಹಂಚಿದರು. ನಮ್ಮ ಬಾಗಿಲಿಗೂ ತಂದರು. ಗಂಡ ಕೈ ಮುಂದೆ ಮಾಡಲಿಲ್ಲ. "ನಮ್ಮನೇಲಿ ಸೋತವರೂ ಇದ್ದಾರೆ" ಎಂದು ಹೇಳಿ ಬಾಗಿಲು ಎಳೆದುಕೊಂಡರು.

ಆವತ್ತು ಮೈದುನ ಅಂಗಡಿಗೆ ಬರಲಿಲ್ಲ. ಮರುದಿನವೂ ಇಲ್ಲ. ಗಂಡ ಕೋಣೆಯವರೆಗೆ ಹೋಗಿ ಬಾಗಿಲು ತಟ್ಟಿ ಬಂದರು. "ಒಳಗಿದ್ದ. ಇನ್ನೊಂದು ಸ್ವಲ್ಪ ದಿನ ಬಿಡು ಅಣ್ಣ ಅಂದ, ಬಾಗಿಲು ತೆಗೀಲಿಲ್ಲ" ಎಂದರು. ಗೆದ್ದವರ ಮುಖ ಅಷ್ಟು ಬಾಡಿದ್ದನ್ನು ನಾನು ನೋಡಿರಲಿಲ್ಲ.

ಸಂಜೆ ಅವರು, ನಾನು, ಅತ್ತೆ, ಮಗಳು ಊಟಕ್ಕೆ ಕೂತೆವು. ಗಂಡ ಪ್ರಾರ್ಥನೆ ಶುರು ಮಾಡಿದರು. ಒಂದಕ್ಷರ ಆಚೀಚೆ ಮಾಡದ ಮನುಷ್ಯ. ಈ ಸೂರಿನ ಕೆಳಗಿರುವ ನಮ್ಮವರನ್ನೆಲ್ಲ ಎಂದರು, ನಿಂತರು, "ಸೂರಿನ ಹೊರಗಿರುವ ನಮ್ಮವರಿಬ್ಬರನ್ನೂ" ಎಂದರು, ಕಾಪಾಡು ಎಂದು ಮುಗಿಸಿದರು.

ಅತ್ತೆ ತಲೆಯೆತ್ತಿದರು. "ಅದು ಪ್ರಾರ್ಥನೇಲಿ ಇಲ್ಲವಲ್ಲೋ."

"ಇಲ್ಲಮ್ಮ. ಊಟ ಮಾಡು."